ಮೂರನೆಯ ‘ಬೇಡ’

ಇಸ್ಫಹಾನ್
ತೀರ್ ತಿಂಗಳ ಹತ್ತು, ಗುರುವಾರ ಮಧ್ಯಾಹ್ನ

ಪ್ರೀತಿಯ ಬಾಬಾ,

ನಿಮ್ಮ ಕೈಗೆ ಮುತ್ತಿಟ್ಟು ಬರೆಯಲು ಕೂತಿದ್ದೇನೆ. ಸೊಂಟ ಹೇಗಿದೆ? ಫೋನಿನಲ್ಲಿ ಕೇಳಿದಾಗಲೆಲ್ಲ “ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ” ಎನ್ನುತ್ತೀರಿ. ಆದರೆ ನಿಮ್ಮ ಜೊತೆ ಕೆಲಸ ಮಾಡುವ ಹೈದರಿ ಚಿಕ್ಕಪ್ಪ ಹೇಳುವುದೇ ಬೇರೆ: ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೀರಂತೆ. ಅಸಲೂಯೆಯ ಆ ಸೆಕೆಯಲ್ಲಿ, ಆ ಗ್ಯಾಸಿನ ವಾಸನೆಯಲ್ಲಿ ನೀವು ಒಬ್ಬರೇ ಸೊಂಟ ಹಿಡಿದುಕೊಂಡು ಕೂತಿರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಚಿಕ್ಕಪ್ಪ ರಜೆ ಮುಗಿಸಿ ಇವತ್ತೇ ಅಲ್ಲಿಗೆ ಹೊರಟಿದ್ದಾರೆ. ಈ ಪತ್ರ, ಅಮ್ಮ ಹಾಕಿದ ಬದನೆಕಾಯಿ ಉಪ್ಪಿನಕಾಯಿ, ನಿಮ್ಮ ಸಾಹೇಬರಿಗೆಂದು ನೀವು ಹೇಳಿದ್ದ ಪಿಸ್ತಾ ಹಾಕಿದ ಗಜ್ ಮಿಠಾಯಿಯ ಡಬ್ಬಿ, ಮೂರೂ ಅವರ ಕೈಯಲ್ಲಿ ಬರುತ್ತವೆ. ಅಮ್ಮ ಊಟಕ್ಕೆ ಕರೆದಾಗ ಅವರು ಎರಡು ಸಲ ಬೇಡ ಅಂದರು, ಮೂರನೆಯ ಸಲಕ್ಕೆ ಕೂತರು. ಹಾಗಾಗಿ ನನಗೆ ಬರೆಯಲು ಸ್ವಲ್ಪ ಹೊತ್ತು ಸಿಕ್ಕಿದೆ.

ಕೊನೆಯ ಪರೀಕ್ಷೆ ಮೊನ್ನೆ ಮುಗಿಯಿತು. ಇನ್ನು ನಿಮ್ಮ ಮಗಳು ಕೆಮಿಕಲ್ ಇಂಜಿನಿಯರ್ ಎಂದು ಧೈರ್ಯವಾಗಿ ಹೇಳಿಕೊಳ್ಳಿ. ಆದರೂ ನನಗೆ ಒಂದು ವಾರದಿಂದ ಅನ್ನ ಸೇರುತ್ತಿಲ್ಲ. ಅಮ್ಮ ಅದನ್ನು ಫಲಿತಾಂಶದ ಭಯ ಎಂದುಕೊಂಡು ನನ್ನ ತಲೆಯ ಸುತ್ತ ಧೂಪ ಸುತ್ತಿ ದೃಷ್ಟಿ ತೆಗೆದಳು. ಕಣ್ಣು ಉರಿಯಿತು, ಅಷ್ಟೇ. ಬೇಸಿಗೆ ಕಳೆದು ಮೆಹ್ರ್ ತಿಂಗಳಿನಿಂದ ನಿಮ್ಮ ಗ್ಯಾಸ್ ಘಟಕದ ಪ್ರಯೋಗಾಲಯದಲ್ಲಿ ನನಗೊಂದು ಜಾಗ ಇಡುವಂತೆ ನಿಮ್ಮ ಮೇಲಧಿಕಾರಿ ತವಕ್ಕೊಲಿ ಸಾಹೇಬರ ಹತ್ತಿರ ಮಾತಾಡಿದ್ದೀರಿ ಎಂದು ಹೋದ ವಾರ ಹೇಳಿದಿರಲ್ಲ, ಆವತ್ತು ನಿಮ್ಮ ದನಿಯೇ ಬೇರೆಯಾಗಿತ್ತು. “ಅಪ್ಪ ಮಗಳು ಒಂದೇ ಬಸ್ಸಲ್ಲಿ ಕೆಲಸಕ್ಕೆ ಹೋಗೋಣ ಪರಸ್ತೂ, ಒಂದೇ ಡಬ್ಬೀಲಿ ಊಟ ಮಾಡೋಣ” ಅಂದಿರಿ. ನಾನು “ನಿಮ್ಮ ಮಾತು ನನ್ನ ಕಣ್ಣ ಮೇಲೆ, ಬಾಬಾ” ಎಂದು ಹೂಂಗುಟ್ಟಿದೆ.

ಇರಲಿ, ನಮ್ಮ ಸಂಘದ ಒಂದು ತಮಾಷೆ ಹೇಳುತ್ತೇನೆ. ಹಳೆಯ ಕಟ್ಟಡಗಳ ಸಂಘಕ್ಕೆ ನೀವು ‘ಗೋಡೆ ಕೆರೆಯೋರ ಸಂಘ’ ಎಂದು ಹೆಸರಿಟ್ಟಿದ್ದಿರಿ. ನಿಜ ಹೇಳಬೇಕೆಂದರೆ ಮೊದಲ ವರ್ಷ ನಾನು ಅಲ್ಲಿಗೆ ಹೋದದ್ದು ಗೆಳತಿ ಗೋಲ್ನೂಶ್ ಎಳೆದುಕೊಂಡು ಹೋದಳೆಂದು, ಮತ್ತು ಪ್ರತಿ ಶುಕ್ರವಾರ ಅಲ್ಲಿ ಕೊಡುವ ಬಿಸಿ ಆಶ್ ಗಂಜಿಯ ಆಸೆಗೆ. ಸಂಘ ದುರಸ್ತಿ ಮಾಡುತ್ತಿರುವ ಊರಾಚೆಯ ಹಳೆಯ ಪ್ರಯಾಣಿಕರ ಛತ್ರದಲ್ಲಿ ಇಟ್ಟಿಗೆಯ ಒಳಗಿನಿಂದ ಉಪ್ಪು ಬೆಳ್ಳಗೆ ಉಬ್ಬಿ ಬಂದು ಗೋಡೆಯನ್ನೇ ಪುಡಿ ಮಾಡುತ್ತದೆ. ನೆನೆಸಿದ ಕಾಗದದ ಮುದ್ದೆಯನ್ನು ಅದರ ಮೇಲೆ ಮೆತ್ತಿ ಬಿಟ್ಟರೆ, ಅದು ಒಣಗುತ್ತ ಒಣಗುತ್ತ ಉಪ್ಪನ್ನು ಎಳೆದುಕೊಳ್ಳುತ್ತದೆ. ಜ್ವರ ಬಂದಾಗ ಅಮ್ಮ ಹಣೆಗೆ ಹಾಕುವ ಒದ್ದೆ ಬಟ್ಟೆಯ ಹಾಗೆ. ನಾಲ್ಕು ವರ್ಷ ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ಒಂದು ಗೋಡೆಯನ್ನು ಉಳಿಸಬಲ್ಲದು ಎಂದು ಗೊತ್ತಾದ ದಿನ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಮೊನ್ನೆ ಪರೀಕ್ಷೆ ಮುಗಿಸಿ ನಾನು, ಗೋಲ್ನೂಶ್, ಸಂಘದ ಕಿಯಾರಶ್ ಮೂವರೂ ಅಲ್ಲಿಗೆ ಹೋದಾಗ ಇಂಜಿನಿಯರ್ ಮೆಹ್ರಾಬಿಯಾನ್ ಬಂದಿದ್ದರು. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವವರು, ಜರ್ಮನಿಯಲ್ಲಿ ಅರ್ಧ ಆಯಸ್ಸು ಕಳೆದು ಈಗಷ್ಟೇ ವಾಪಸಾದವರು. ನಾನು ಉಪ್ಪು ತೆಗೆದ ಗೋಡೆಯನ್ನು ಬೆರಳಿನಿಂದ ಸವರಿ ನೋಡಿ, “ನನ್ನ ಕಾರ್ಯಾಗಾರಕ್ಕೆ ಒಬ್ರು ಬೇಕು. ನೀನು ಬರ್ತೀಯೇನಮ್ಮ?” ಎಂದು ಕೇಳಿದರು. ಎದೆ ಹಾರಿ ಬಾಯಿಗೆ ಬಂತು. ಬಾಯಿ ಮಾತ್ರ ತನ್ನ ಪಾಠ ಒಪ್ಪಿಸಿತು: “ಅಯ್ಯೋ ಬೇಡಿ ಇಂಜಿನಿಯರ್ ಸಾಹೇಬ್ರೆ, ನನ್ನಂಥೋಳಿಂದ ನಿಮಗ್ಯಾಕೆ ತೊಂದರೆ?” ಚಿಕ್ಕಂದಿನಲ್ಲಿ ಅಜ್ಜಿ ಮಿಠಾಯಿ ತಟ್ಟೆ ಹಿಡಿದಾಗ ಮೊದಲ ಸಲಕ್ಕೇ ಕೈ ಹಾಕಿದ್ದಕ್ಕೆ ನೀವು ತೊಡೆ ಚಿವುಟಿದ್ದು ನೆನಪಿದೆಯಾ? “ಎರಡು ‘ಬೇಡ’ ಉಪಚಾರಕ್ಕೆ, ಮೂರನೇದೇ ನಿಜವಾದ ‘ಬೇಡ’” ಎಂದು ಕಲಿಸಿದವರು ನೀವೇ. ನಾನು ಎರಡನೆಯ ಕರೆಗೆ ಕಾಯುತ್ತ ನಿಂತೆ. ಆ ಮಹಾನುಭಾವರು “ಸರಿ ಹಾಗಾದ್ರೆ” ಎಂದು ಗೋಲ್ನೂಶ್ ಕಡೆ ತಿರುಗಿದರು! ಅವಳು “ಪರಸ್ತೂ ಇರೋವಾಗ ನಾನಾ?” ಅಂದಳು. ಕಿಯಾರಶ್ “ಇವರಿಬ್ಬರ ಮುಂದೆ ನಾನ್ಯಾವ ಲೆಕ್ಕ?” ಅಂದ. ಸಾಹೇಬರು ಮೂವರ ಮುಖವನ್ನೂ ನೋಡಿ, ಚಹಾ ಮುಗಿಸಿ, ಪಾಪ, ಯಾರಿಗೂ ಇಷ್ಟವಿಲ್ಲವೆಂದುಕೊಂಡು ಹೊರಟೇ ಹೋದರು. ಕೈಗೆ ಬಂದ ತುತ್ತನ್ನು ನಮ್ಮ ಬಾಯಿಯೇ ದೂಡಿತ್ತು. ಆಮೇಲೂ ನಾವು ಬಾಗಿಲಲ್ಲಿ “ನೀನು ಮೊದಲು ಹೋಗು”, “ಇಲ್ಲ, ನೀನು ಮೊದಲು” ಎನ್ನುತ್ತ ನಿಂತಿದ್ದೆವು.

ಗೋಲ್ನೂಶ್ ದಾರಿಯಲ್ಲಿ ಬೈದಳು: “ನಂಗೆ ನಿಜವಾಗ್ಲೂ ಬೇಡ ಕಣೆ. ನಿಂಗೆ ಬೇಕಲ್ವಾ? ಮತ್ತೆ ಇಲ್ಲೇನು ಮಾಡ್ತಿದೀಯ, ಓಡು!” ನಿನ್ನೆ ಬೆಳಿಗ್ಗೆ ಅವರ ಕಾರ್ಯಾಗಾರಕ್ಕೆ ಹೋದೆ. “ಬೇಡ ಅಂದಿದ್ಯಲ್ಲಮ್ಮ?” ಅಂದರು. “ಅದು ಮೊದಲನೇ ಬೇಡ, ಸಾಹೇಬ್ರೆ. ನೀವು ಇನ್ನೊಂದು ಸಲ ಕೇಳಬೇಕಿತ್ತು” ಅಂದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಜರ್ಮನೀಲಿದ್ದು ಇದನ್ನೆಲ್ಲ ಮರ್ತೇಬಿಟ್ಟಿದ್ದೆ. ಈಗ ನಾನು ಒಂದೇ ಸಲ ಕೇಳೋದು. ಕೆಲಸ ಬೇಕಾ?” “ಬೇಕು” ಅಂದೆ. ಅಷ್ಟು ಬೋಳು ಮಾತನ್ನು ದೊಡ್ಡವರ ಮುಂದೆ ನಾನು ಹುಟ್ಟಿದಾಗಿನಿಂದ ಆಡಿರಲಿಲ್ಲ, ಕಿವಿಯೆಲ್ಲ ಬಿಸಿಯಾಯಿತು. ಶನಿವಾರದಿಂದ ಹೋಗಬೇಕು. ಬೇಸಿಗೆಯಲ್ಲಿ ಮನೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ ಒಳ್ಳೆಯದು ಎಂದು ಅಮ್ಮನಿಗೆ ಹೇಳಿದ್ದೇನೆ.

ಔಷಧಿ ಮರೆಯಬೇಡಿ. ಭಾರ ಎತ್ತಬೇಡಿ. ದೇವರು ನಿಮ್ಮ ನೆರಳನ್ನು ನಮ್ಮ ತಲೆಯ ಮೇಲೆ ಸದಾ ಇಟ್ಟಿರಲಿ. ಅಮ್ಮನ ಸಲಾಮು.

ನಿಮ್ಮ ಮಗಳು,
ಪರಸ್ತೂ

ತಾ.ಕ.: ಹೈದರಿ ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಕೂಗುತ್ತಿದ್ದಾರೆ. ಬಾಬಾ, ಆ ಕೆಲಸ ಬೇಸಿಗೆಗೆ ಮಾತ್ರ ಅಲ್ಲ. ಗಜ್ ಡಬ್ಬಿಯನ್ನು ತವಕ್ಕೊಲಿ ಸಾಹೇಬರಿಗೆ ಕೊಡಬೇಡಿ, ನೀವೇ ಒಡೆದು ತಿನ್ನಿ. ನಾನು ಅಸಲೂಯೆಗೆ ಬರುವುದಿಲ್ಲ. ‘ಕಣ್ಣ ಮೇಲೆ’ ಅಂದದ್ದು ಉಪಚಾರಕ್ಕೆ. ನೀವು ಫೋನ್ ಮಾಡಿ ಮತ್ತೆ ಕೇಳುತ್ತೀರಿ, ನಿಮ್ಮ ದನಿ ಕೇಳಿದರೆ ನಾನು ಮತ್ತೆ ಹೂಂ ಅಂದುಬಿಡುತ್ತೇನೆ. ಅದೇ ನನ್ನ ಭಯ. ಕೇಳಬೇಡಿ ಬಾಬಾ. ಇದನ್ನು ಮೂರನೆಯ ‘ಬೇಡ’ ಎಂದೇ ಓದಿಕೊಳ್ಳಿ.