ಹತ್ತರಿಂದ ಹನ್ನೆರಡು

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ನಾವೆಲ್ಲ ಹೇಗೋ ಇದ್ದೇವೆ, ನೀನು ಚೆನ್ನಾಗಿರು. ಕಾಗದ ಬರೆಯುತ್ತೇನೆಂದು ಹೇಳಿ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಇಸ್ತ್ರಿ ಅಂಗಡಿಯಲ್ಲಿ ಹೋಟೆಲಿನವರ ಬೆಡ್‌ಶೀಟು ಗುಡ್ಡೆ ಬಿದ್ದಿದೆ, ನಿನ್ನ ಭಾವ ಸೊಂಟ ಹಿಡಿದುಕೊಂಡು ಕೂತಿದ್ದಾರೆ. ಫೋನಿನಲ್ಲೇ ಹೇಳೋಣವೆಂದರೆ ಅಮ್ಮ ಪಕ್ಕದಲ್ಲಿರುತ್ತಾಳೆ.

ಅಮ್ಮ ಯಾಕೆ ಫೋನಿಗೆ ಬರುವುದಿಲ್ಲವೆಂದು ನೀನು ಮೊನ್ನೆಯೂ ಕೇಳಿದೆ. ಮಲಗಿದ್ದಾಳೆ ಎಂದೆ. ಸುಳ್ಳು.

ನೀನು ಮೊದಲ ಸಲ ಹೊರಟಾಗ ಅವಳು ಊಟ ಬಿಟ್ಟು ಕೂತಿದ್ದಳು, ನೆನಪಿದೆಯಾ? ಕೊನೆಗೆ ಕನ್ನಡಕ ಏರಿಸಿ ನಿನ್ನ ಟಿಕೆಟ್ ಓದಿದಳು. ಬೆಳಿಗ್ಗೆ ಹತ್ತಕ್ಕೆ ಇಲ್ಲಿಂದ ಹೊರಟು, ಅದೇ ದಿನ ಹನ್ನೆರಡಕ್ಕೆ ಅಲ್ಲಿ ಇಳಿಯುವುದು. "ಅಯ್ಯೋ, ಎರಡೇ ಗಂಟೆ! ಇಷ್ಟಕ್ಕಾ ನಾನು ಅತ್ತಿದ್ದು?" ಎಂದಳು. ಆ ಊರಿನ ಗಡಿಯಾರ ನಮ್ಮದಕ್ಕಿಂತ ಸುಮಾರು ಹತ್ತು ಗಂಟೆ ಹಿಂದೆ. ಹತ್ತು ಸಾವಿರ ಕಿಲೋಮೀಟರು, ಹನ್ನೆರಡು ಗಂಟೆಯ ಹಾರಾಟ. ನೀನು ನನ್ನ ಮುಖ ನೋಡಿದೆ, ನಾನು ನಿನ್ನದು. ಇಬ್ಬರೂ ಬಾಯಿ ಮುಚ್ಚಿಕೊಂಡೆವು. ಅವಳು ಎದ್ದು ಉಂಡಳು, ನಮಗೆ ಅಷ್ಟೇ ಸಾಕಾಗಿತ್ತು.

ಆ ಎರಡು ಗಂಟೆಯೇ ಆಮೇಲೆ ನಮ್ಮ ಕುತ್ತಿಗೆಗೆ ಬಂತು. ಇಲ್ಲಿ ಸಂಜೆಯಾದಾಗ ಅಲ್ಲಿ ಬೆಳಿಗ್ಗೆ ಎಂದು ನೀನು ಹೇಳಿದರೆ ನಗುತ್ತಿದ್ದಳು, ಅದನ್ನು ಟಿಕೆಟ್ಟಿಗೆ ತಾಳೆ ಹಾಕಲಿಲ್ಲ. ಮೇಲಿನ ಮನೆ ಟೀಚರ ಹತ್ತಿರ ಒಂದೇ ಪಲ್ಲವಿ: ಎರಡು ಗಂಟೆ ದಾರಿ, ಮನಸ್ಸಿದ್ದರೆ ಮಾರ್ಗ, ಅವಳಿಗೆ ಮನಸ್ಸೇ ಇಲ್ಲ.

ಹೋದ ತಿಂಗಳು ಅವಳು ಬಚ್ಚಲಲ್ಲಿ ಜಾರಿ ಬಿದ್ದು ಆಸ್ಪತ್ರೆ ಸೇರಿದಾಗ, ಈಗಲೇ ವಿಮಾನ ಹತ್ತುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದೆಯಲ್ಲ, ಅಮ್ಮ ತಕ್ಷಣ ತಲೆ ಬಾಚಿಸಿಕೊಂಡಳು. ನೀನೇ ಅಳತೆ ತೆಗೆದು, ನೀನು ಕೆಲಸ ಮಾಡುವ ಡೆಂಟಲ್ ಲ್ಯಾಬಿನಲ್ಲಿ ಮಾಡಿ ಕಳಿಸಿದ ಹಲ್ಲಿನ ಸೆಟ್ ಹಾಕಿಕೊಂಡಳು. ಬಾಗಿಲು ನೋಡಿ ನೋಡಿ ಸಂಜೆಯಾಯಿತು. ಕತ್ತಲಾದ ಮೇಲೆ ಹಲ್ಲು ತೆಗೆದು ಲೋಟಕ್ಕೆ ಹಾಕಿ, ಗೋಡೆ ಕಡೆ ತಿರುಗಿದಳು. ಮಕ್ಕಳೆಷ್ಟು ಎಂದು ನರ್ಸ್ ಕೇಳಿದರೆ, ಒಬ್ಬಳೇ ಎಂದಳು. ಮಾರನೆಯ ದಿನ ಆಪರೇಷನ್, ಮನಸ್ಸಿಗೆ ನೋವು ಮಾಡಬೇಡಿ ಎಂದಿದ್ದರು ಡಾಕ್ಟರು. ನಿಜ ಹೇಳದಿರಲು ನನಗೂ ಅದೇ ನೆಪ ಸಿಕ್ಕಿತು.

ನೀನು ಊದಿದ ಕಾಲಲ್ಲಿ ಬಂದಿಳಿದೆ. ನಾಲ್ಕು ದಿನ ಅವಳ ಕಾಲ ಬಳಿ ಕೂತೆ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ನೋವಿಗಿರಬೇಕು ಎಂದುಕೊಂಡು ನೀನು ಹೊರಟುಹೋದೆ.

ಈಗ ಕೋಲು ಹಿಡಿದು ನಡೆಯುತ್ತಾಳೆ. ಅಳಿಯನನ್ನು ಬೈಯುವಷ್ಟು ಶಕ್ತಿ ಬಂದಿದೆ, ಅಲ್ಲಿಗೆ ಗುಣವಾದಳೆಂದೇ ಲೆಕ್ಕ. ನೀನು ಹೊತ್ತು ಹೊತ್ತಿಗೆ ಉಣ್ಣು, ಚಳಿಗೆ ಕಿವಿ ಮುಚ್ಚಿಕೋ. ಎಲ್ಲಿದ್ದರೂ ತಣ್ಣಗಿರು, ತಾಯಿ.

ನಿನ್ನ
ಅಕ್ಕ

ತಾ.ಕ.: ಹೋದ ವಾರ ಅಮ್ಮ ಟೀಚರ ಎದುರಿಗೆ ಮತ್ತೆ ನಿನ್ನನ್ನು ಆಡಿಕೊಂಡಳು. ತಡೆಯಲಾಗದೆ, ಎರಡಲ್ಲ ಹನ್ನೆರಡು ಗಂಟೆ ದಾರಿಯೆಂದು ಎಲ್ಲ ಹೇಳಿಬಿಟ್ಟೆ. "ತಿರುಗಿ ಹೋಗೋಕೂ ಅಷ್ಟೇ ಹೊತ್ತಾ?" ಎಂದು ಕೇಳಿದಳು. ಹೌದೆಂದೆ. "ಅಷ್ಟು ದೂರ ಒಂದು ಮಾತೂ ಆಡಿಸದೆ ಕಳಿಸಿಬಿಟ್ಟೆನಲ್ಲೇ" ಎಂದಳು. ಈಗ ಫೋನಿಗೆ ಬಾರದಿರುವುದು ಸಿಟ್ಟಿಗಲ್ಲ ಪುಟ್ಟಿ, ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎನ್ನುತ್ತಾಳೆ. ಆದರೆ ನೀನು ಫೋನ್ ಮಾಡುವ ಹೊತ್ತಾಯಿತೆಂದರೆ ಹಲ್ಲು ಹಾಕಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾಳೆ.