ದೊಡ್ಡಮ್ಮ ತಿರುಗದ ತಿರುವು

ಕೆಳಗಿನ ಕೋಣೆಯಿಂದ,
ಮಾರ್ಚ್ ೮, ಶನಿವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಿದ್ದೀರೆಂದು ನಿಮ್ಮ ಮಗಳು ಫೋನಿನಲ್ಲಿ ಹೇಳಿದರು. ನಡೆದದ್ದಕ್ಕಿಂತ ಕೋಲು ಹಿಡಿಯಲು ಒಪ್ಪಿದ್ದೇ ನನಗೆ ದೊಡ್ಡ ಸುದ್ದಿ. ನಿದ್ದೆ ಬರುತ್ತದೆಯೇ? ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದ ಕಿವಿ ನಿಮ್ಮದು. ಅಲ್ಲಿನ ಯಾವುದಾದರೂ ಗಡಿಯಾರ ಸ್ವಲ್ಪ ಕುಂಟಿದರೂ ಮಲಗಲಾರಿರಿ. ಮಗಳ ಮನೆಯ ಗಡಿಯಾರಗಳನ್ನೆಲ್ಲ ಈ ಹೊತ್ತಿಗೆ ಬಿಚ್ಚಿ ಮಂಚದ ಮೇಲೆ ಹರಡಿರುತ್ತೀರಿ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಊರಿನವರೆಲ್ಲ ಮಾತಾಡಿಕೊಂಡು ಹಲ್ಲು ಮುರಿದುಕೊಂಡಿದ್ದಾರೋ ಏನೋ, ಲ್ಯಾಬಿನಲ್ಲಿ ಹಲ್ಲಿನ ಕ್ಯಾಪು ಮಾಡಿ ಮಾಡಿ ಬೆರಳ ತುದಿ ಸವೆದಿದೆ.

ಸುದ್ದಿ ಇಷ್ಟು: ನಿಮ್ಮ ಮಾದರಿ ರೈಲು, ಹಳಿ ಹಲಗೆ ಸಮೇತ, ಮಹಡಿಯ ಕೋಣೆಯಿಂದ ಕೆಳಗೆ ಬಂದಿದೆ. ಕೋಪಿಸಿಕೊಳ್ಳುವ ಮೊದಲು ಪೂರ್ತಿ ಓದಿ. ಇನ್ನು ಮೆಟ್ಟಿಲು ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿದಾಗ ನೀವು ಗೋಡೆಯ ಕಡೆ ತಿರುಗಿ, “ಹಾಗಾದ್ರೆ ರೈಲು ಮುಗೀತು, ಎಂಜಿನ್‌ಗಳನ್ನ ಅಂಗಡಿಯವನಿಗೆ ಕೊಟ್ಬಿಡು” ಎಂದಿರಿ. ಆಮೇಲೆ ಮಗಳು ಬಂದು ಕರೆದುಕೊಂಡು ಹೋದರು. ಹೋಗುವಾಗ ಬಾಗಿಲಲ್ಲಿ ಅವರು ನನ್ನನ್ನು ಮೆಲ್ಲಗೆ ಕೇಳಿದ್ದು ನಿಮಗೆ ಗೊತ್ತಿಲ್ಲ. “ಮಗನೇ ಇಲ್ಲದ ಮನೆಗೆ ಅಮ್ಮ ಇನ್ನು ಏನಂತ ವಾಪಸ್ ಬರೋದು?” ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಿಮ್ಮ ಮಗ ಮತ್ತು ನಾನು ಬೇರೆಯಾಗಿ ವರ್ಷವಾಯಿತು. ಅವರು ಹಿಂದಿನ ಬೀದಿಯಲ್ಲಿ ಮನೆ ಮಾಡಿದ್ದಾರೆ, ಈ ಬಾಡಿಗೆ ಮನೆಯಲ್ಲಿ ನಾನು ಉಳಿದಿದ್ದೇನೆ, ನನ್ನ ಜೊತೆ ನೀವು ಉಳಿದಿರಿ. ಇದಕ್ಕೆ ನಾವಿಬ್ಬರೂ ಹೆಸರಿಟ್ಟಿರಲಿಲ್ಲ. ನಿಮ್ಮನ್ನು ಕಳಿಸಿದ ಮೇಲೆ ನಾನು ಒಳಗೆ ಬಂದು ಕೆಳಗಿನ ಕೋಣೆಯ ಅಳತೆ ತೆಗೆದುಕೊಂಡೆ. ಕಷ್ಟದ ಪ್ರಶ್ನೆ ಎದುರಾದರೆ ಅಳತೆಪಟ್ಟಿಗೆ ಕೈಹಾಕುವುದು ನನ್ನ ಸ್ವಭಾವ. ನಿಮ್ಮದೂ ಅದೇ ಅಲ್ಲವೇ.

ಕೋಣೆ ಮೇಲಿನದಕ್ಕಿಂತ ಒಂದು ಮೊಳ ಕಡಿಮೆ ಅಗಲ. ಹಳಿ ಕೂರಿಸಿದ ಹಲಗೆಯ ಕೊನೆಯನ್ನು ಗರಗಸದಿಂದ ಕೊಯ್ಯಬೇಕಾಯಿತು. ಅದರ ಮೇಲಿನ ಪುಟ್ಟ ಗುಡ್ಡದ ಹಿಂದೆ ಹೋಗುವ ಹಳಿಯನ್ನು ಬಿಚ್ಚಿ, ಇನ್ನಷ್ಟು ಬಗ್ಗಿಸಿ ಕೂರಿಸಿದೆ. ಎಲ್ಲ ಮುಗಿಸಿ ದೊಡ್ಡಮ್ಮನನ್ನು ಹಳಿಯ ಮೇಲಿಟ್ಟರೆ, ಆರು ಗಾಲಿಯ ಆ ಮಹಾತಾಯಿ ತಿರುವಿಗೆ ಬಂದವಳೇ ಸೊಂಟ ಬಗ್ಗಿಸಲಾರದೆ ಹೊರಗೆ ಒರಗಿ ಬಿದ್ದಳು. ಮತ್ತೆ ಇಟ್ಟೆ, ಮತ್ತೆ ಬಿದ್ದಳು. ನಿಮಗೆ ಅತಿ ಪ್ರೀತಿಯ ಎಂಜಿನ್ ಅದು. ಅದು ಓಡದ ಹಳಿಯನ್ನು ನಿಮಗೆ ಹೇಗೆ ತೋರಿಸಲಿ? ನಡುವಿನ ಗಾಲಿಗಳ ಅಂಚನ್ನು ಉಜ್ಜಿ ತೆಗೆದರೆ ಆ ತಿರುವಿನಲ್ಲಿ ಹೋಗಬಹುದೆಂದು ಗೊತ್ತಿತ್ತು. ಅರ ಕೈಗೆ ತೆಗೆದುಕೊಂಡೆ. ಗಾಲಿಗೆ ತಾಗಿಸಿ ಮತ್ತೆ ಕೆಳಗಿಟ್ಟೆ. ಕೋಣೆ ಕಿರಿದಾದದ್ದಕ್ಕೆ ಅವಳ ಗಾಲಿ ಕತ್ತರಿಸುವುದು ನ್ಯಾಯವಲ್ಲ ಅನ್ನಿಸಿತು. ಅವಳನ್ನು ಒರೆಸಿ ಗಾಜಿನ ಬೀರುವಿನಲ್ಲಿ ಕೂರಿಸಿ, ಆ ತಿರುವಿನಲ್ಲಿ ಓಡುವ ಬೇರೆ ಎಂಜಿನ್ ಹುಡುಕಲು ಹೊರಟೆ.

ನಾವು ಎಂಜಿನ್ ಕೊಳ್ಳುವ ಅಂಗಡಿಯವನು ನಿಮ್ಮನ್ನು ವಿಚಾರಿಸಿದ. ಇನ್ನೂ ಅದೇ ಮೂಗಿನ ತುದಿಯ ಕನ್ನಡಕ, ಅದೇ ಗೊಣಗು. ಗಾಜಿನೊಳಗಿಂದ ಒಂದು ಚೆಂದದ ಎಂಜಿನ್ ತೆಗೆದಿಟ್ಟ. ಹಸಿರು ಮೈ, ಹಿತ್ತಾಳೆಯ ಗುಮ್ಮಟ, ನೋಡಿದರೆ ಕಣ್ಣು ಕೀಳಲಾಗದು. ನಾನು ಅದನ್ನು ತಲೆಕೆಳಗು ಮಾಡಿ ಗಾಲಿಗಳ ನಡುವಿನ ಅಂತರ ಅಳೆದು ವಾಪಸಿಟ್ಟೆ. “ಮೊದಲು ನಡೆ ನೋಡು. ಬಣ್ಣ ಬಳಿಯೋದು ನಮ್ಮ ಕೈಲಿದೆ, ನಡೆ ಅದರದ್ದು” ಎಂದು ನೀವು ಹೇಳುತ್ತಿದ್ದದ್ದನ್ನೇ ನಾನು ಅಲ್ಲಿ ಹೇಳಿದೆನಂತೆ. “ಅತ್ತೆ ಬರದಿದ್ರೂ ಅತ್ತೆ ಬಾಯಿ ಬಂದಿದೆಯಲ್ಲ” ಎಂದು ಅವನು ಒಳಗೆ ಹೋಗಿ ಹಳೆಯ ಪೆಟ್ಟಿಗೆ ತಂದ. ಅದರಲ್ಲಿ ಯಾರೂ ಕೊಳ್ಳದ ಒಂದು ಡಬ್ಬಿಯಂಥ ಎಂಜಿನ್. ಸಣ್ಣ ಅಳತೆಯ ರೈಲಿಗೆಂದು ಮಾಡಿದ್ದು, ನಾಲ್ಕೇ ಗಾಲಿ, ಹತ್ತಿರ ಹತ್ತಿರ. ಮೈ ತೆಗೆದು, ಗಾಲಿ ಮೋಟಾರು ಮಾತ್ರ ಉಳಿದ ಬರೀ ಚಾಸಿಯನ್ನು ಅವನ ಮೇಜಿನ ಹಳಿಯ ಮೇಲೆ ಬಿಟ್ಟೆವು. ಅತ್ತೆ, ಅದರ ನಡೆ ನೀವು ನೋಡಬೇಕಿತ್ತು. ನಿದ್ದೆ ಮಾಡುವ ಮಗುವಿನ ಪಕ್ಕದಲ್ಲಿ ಹಾದುಹೋದ ಹಾಗೆ ಹೋಯಿತು.

ಕಿರುಹಳಿಯ ನ್ಯಾರೋ ಗೇಜ್ ರೈಲಿನ ಮಜಾ ಇದೇ ಅಲ್ಲವೇ, ಸಣ್ಣ ಎಂಜಿನ್ನಿನ ಕಾಲಿನ ಮೇಲೆ ದೊಡ್ಡ ಅಳತೆಯ ಮೈ ಕಟ್ಟುವುದು. ಆ ಮೈಯಲ್ಲೇ ನಾನು ಎಡವಿದೆ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಎರಡು ಪಕ್ಕದ ನೀರಿನ ಪೆಟ್ಟಿಗೆ, ಬಾಯ್ಲರು, ಚಿಮಣಿ, ಹಿಂದೆ ಕ್ಯಾಬು, ಎಲ್ಲವನ್ನೂ ಹಲ್ಲಿನ ಕ್ಯಾಪಿನಷ್ಟೇ ನಿಖರವಾಗಿ ಮಾಡಿದೆ. ಮಾಡಿ ಹಲ್ಲಿನ ಹಾಗೆಯೇ ಪಾಲಿಶ್ ಮಾಡಿಬಿಟ್ಟೆ. ಕಲ್ಲಿದ್ದಲು ತಿನ್ನುವ ಎಂಜಿನ್ ನಗುವ ಸಿನಿಮಾ ನಟನ ಹಾಗೆ ಹೊಳೆಯತೊಡಗಿತು. ಅದನ್ನಾದರೂ ಮಸಿ ಬಳಿದು ಸರಿಮಾಡಬಹುದು. ಆಮೇಲೆ ಡ್ರೈವರ್ ಗೊಂಬೆಯನ್ನು ಒಳಗೆ ನಿಲ್ಲಿಸಲು ಹೋದರೆ ಜಾಗವೇ ಇಲ್ಲ. ಮೋಟಾರು ಸೀದಾ ಕ್ಯಾಬಿನೊಳಕ್ಕೆ ಚಾಚಿಕೊಂಡಿತ್ತು. ಎಲ್ಲರೂ ಇಂಥಲ್ಲಿ ಡ್ರೈವರನ ಕಾಲು ಕತ್ತರಿಸಿ ಮೋಟಾರಿನ ಮೇಲೆ ಅಂಟಿಸುತ್ತಾರೆ, ಕಿಟಕಿಯಿಂದ ತಲೆ ಕಂಡರೆ ಸಾಕು. ಮದುವೆಯಾದ ಹೊಸತರಲ್ಲಿ ನಾನೂ ಹಾಗೆ ಮಾಡಲು ಹೋದಾಗ ನೀವು ಕತ್ತರಿ ಕಿತ್ತುಕೊಂಡು, “ನಿಂತ್ಕೊಳ್ಳೋಕೆ ಜಾಗ ಇಲ್ಲ ಅಂದ್ರೆ ಮನೆ ಸರಿ ಮಾಡು ಕಣೆ, ಮನುಷ್ಯನನ್ನ ಕತ್ತರಿಸಬೇಡ” ಎಂದಿದ್ದಿರಿ. ಆಗ ಅದು ಬರೀ ಗೊಂಬೆಯ ಕುರಿತ ಮಾತೆಂದುಕೊಂಡಿದ್ದೆ. ಈ ಸಲ ಆ ಮಾತು ನೆನೆದು ಇಡೀ ಮೈಯನ್ನು ಕಳಚಿದೆ. ಚಾಸಿಯನ್ನು ಹಿಂದುಮುಂದು ತಿರುಗಿಸಿ ಮೋಟಾರು ಬಾಯ್ಲರಿನೊಳಗೆ ಅಡಗುವ ಹಾಗೆ ಮಾಡಿ, ಬಾಯ್ಲರನ್ನು ಸ್ವಲ್ಪ ದಪ್ಪಗೆ, ಕ್ಯಾಬನ್ನು ಸ್ವಲ್ಪ ಎತ್ತರಕ್ಕೆ ಮತ್ತೆ ಕಟ್ಟಿದೆ. ನೀರಿನ ಪೆಟ್ಟಿಗೆಗಳಲ್ಲಿ ಮೀನುಗಾಳದ ಸೀಸದ ಗುಂಡು ತುಂಬಿದೆ, ನಾಲ್ಕು ಗಾಲಿಗೂ ಭಾರ ಸಮವಾಗಿ ಬೀಳಲೆಂದು. ನೋಡಲು ಸುಂದರಿಯಲ್ಲ. ಗಂಟಲುಬಾವು ಬಂದವಳ ಹಾಗಿದ್ದಾಳೆ. ಆದರೆ ತಿರುವಿನಲ್ಲಿ ಎರಡು ಬೋಗಿ ಎಳೆದುಕೊಂಡು ಒಮ್ಮೆಯೂ ತಡವರಿಸದೆ ಹೋಗುತ್ತಾಳೆ, ಡ್ರೈವರು ಎರಡು ಕಾಲಿನ ಮೇಲೆ ನಿಂತಿದ್ದಾನೆ.

ನಿಮಗೆ ಥ್ಯಾಂಕ್ಸ್ ಹೇಳುವುದು ನನಗೆ ಬರುವುದಿಲ್ಲ. ಬರೆಯುವುದು ಸ್ವಲ್ಪ ಸುಲಭ. ಈ ಮನೆಗೆ ಬಂದ ಮೊದಲ ವಾರ ನೀವು ನನಗೆ ಅಡುಗೆಮನೆ ಒಪ್ಪಿಸಲಿಲ್ಲ, ಬುದ್ಧಿ ಹೇಳಲಿಲ್ಲ. ಒಂದು ಅರ ಕೊಟ್ಟು, ಹಿತ್ತಾಳೆಯ ತುಂಡಿನ ಚೂಪು ತೆಗೆಯಲು ಹೇಳಿದಿರಿ. ನಾನು ಮಾತು ಕಡಿಮೆಯವಳು, ನಿಮ್ಮ ಮಗ ಮಾತು ಬಯಸುವವರು, ಇಬ್ಬರದೂ ತಪ್ಪಲ್ಲ. ಆದರೆ ಮಾತಿಲ್ಲದೆಯೂ ಒಬ್ಬರ ಪಕ್ಕ ಒಬ್ಬರು ಕೂತಿರಬಹುದೆಂದು ನನಗೆ ತೋರಿಸಿದ್ದು ನಿಮ್ಮ ಮೇಜು. ನಾವು ಬೇರೆಯಾಗುತ್ತೇವೆಂದು ನಿಮಗೆ ಹೇಳಿದ ದಿನ ನೀವು ಯಾರ ಪರವೂ ವಹಿಸಲಿಲ್ಲ, ಯಾಕೆಂದೂ ಕೇಳಲಿಲ್ಲ. ಅವರು ಎದ್ದುಹೋದ ಮೇಲೆ ನನಗೆ, “ಇನ್ಮೇಲೆ ಸೊಸೆ ಅಂತ ಮೇಲೆ ಬರಬೇಡ. ಕೆಲಸ ಇದೆ ಅಂತ ಬಾ” ಎಂದಿರಿ. ಮಾರನೆಯ ದಿನ ನಿಜಕ್ಕೂ ಕೆಲಸ ಇಟ್ಟಿದ್ದಿರಿ, ಸವೆದ ಗೇರು ಬದಲಿಸುವುದು. ಆ ವರ್ಷವನ್ನು ನಾನು ಅದರ ಮೇಲೆಯೇ ದಾಟಿದೆ.

ದೊಡ್ಡಮ್ಮನ ಬಗ್ಗೆ ನೀವು ಬಂದಾಗ ತೀರ್ಮಾನಿಸಿ. ಅವಳನ್ನು ನಾನು ಮುಟ್ಟುವುದಿಲ್ಲ. ಹೊಸಬಳಿಗೆ ಹೆಸರೂ ಇಟ್ಟಿಲ್ಲ, ಅದು ನಿಮ್ಮ ಹಕ್ಕು. ಔಷಧಿ ತಪ್ಪಿಸಬೇಡಿ. ನಿಮ್ಮ ಮಗಳಿಗೆ, ಅಳಿಯಂದಿರಿಗೆ ನನ್ನ ನಮಸ್ಕಾರ. ಇಷ್ಟು ದಿನ ನಿಮ್ಮನ್ನು ಎತ್ತಿ ಇಳಿಸಿ ನೋಡಿಕೊಂಡದ್ದಕ್ಕೆ ಅವರಿಗೂ ಋಣಿ ಎಂದು ಹೇಳಿ. ನಿಮ್ಮ ಸೊಂಟ ನಿಮ್ಮ ಹಠದಷ್ಟೇ ಗಟ್ಟಿಯಾಗಲಿ.

ನಿಮ್ಮ
ಹಲ್ಲುಗಾರ್ತಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಪೆಟ್ಟಿಗೆ ತೆರೆಯುವ ಹೊತ್ತಾಯಿತು. ಹಲಗೆಯನ್ನು ನಾನೊಬ್ಬಳೇ ಕೆಳಗಿಳಿಸಿದೆನೆಂದು ತಿಳಿಯಬೇಡಿ. ಇನ್ನೊಂದು ತುದಿ ಹಿಡಿದವರು ನಿಮ್ಮ ಮಗ. ನಾನು ಕರೆದಿರಲಿಲ್ಲ, ತಮ್ಮ ಅಕ್ಕನ ಬಾಯಿಂದ ಕೇಳಿ ತಾವೇ ಬಂದರು. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಾಗ, ಗುಡ್ಡಕ್ಕೆ ಗಲ್ಲ ಊರಿ ನಿಂತು ಹೇಳಿದರು: “ಅಮ್ಮ ನಿನ್ನ ಜೊತೆನೇ ಇರಲಿ. ನನ್ನ ಮನೇಲಿ ಅವಳಿಗೆ ಬೈಯೋಕೆ ಯಾರೂ ಸಿಗಲ್ಲ. ನಾನು ಭಾನುವಾರ ಬಂದು ಹೋಗ್ತೀನಿ, ನೆಂಟರ ಹಾಗೆ.” ಇದನ್ನು ಅಕ್ಕನಿಗೂ ಅವರೇ ಹೇಳುತ್ತಾರಂತೆ. ನಿಮ್ಮ ಮಂಚ ಹಳಿಯ ಪಕ್ಕದಲ್ಲೇ ಹಾಕಿದ್ದೇನೆ, ಬಚ್ಚಲಿಗೆ ಹೊಸ್ತಿಲಿಲ್ಲ. ಅಕ್ಕ ಕೇಳಿದ ‘ಏನಂತ ಬರೋದು’ ಎಂಬುದಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ, ಆದರೂ ಬನ್ನಿ ಅತ್ತೆ. ಮುಂದಿನ ಶನಿವಾರಕ್ಕೆ ಕಾರು ಹೇಳಿದ್ದೇನೆ, ನಾನೇ ಬರುತ್ತೇನೆ. ಬೇಡವೆಂದಾದರೆ ಮಾತ್ರ ಎರಡು ಸಾಲು ಬರೆಯಿರಿ. ಬರುವುದಾದರೆ ಉತ್ತರ ಬರೆಯುತ್ತಾ ಕೂರಬೇಡಿ, ಚೀಲ ಕಟ್ಟಿ.