ಹಿಂಬಾಗಿಲಿನ ಧೂಳು

3-3-2004, ಹೊಳೆನರಸೀಪುರ

ಬೆಳಿಗ್ಗೆ ಗಾಡಿ ತೊಳೆದೆ. ಹಿಂದಿನ ತಗಡಿನ ಟಾಪಿನೊಳಗೆ ಮತ್ತೆ ಅರ್ಧ ಮೊರ ಧೂಳು. ನಿನ್ನೆ ಅರಕಲಗೂಡಿಗೆ ಹೋಗಿ ಬಂದದ್ದಷ್ಟೆ. ರಸ್ತೆ ಅಗಲ ಮಾಡುತ್ತೇವೆಂದು ಅಗೆದು ಹಾಕಿ ಎರಡು ತಿಂಗಳಾಯಿತು, ಜಲ್ಲಿ ಬಿದ್ದಿಲ್ಲ.

ಅಡುಗೆ ಕಂಟ್ರಾಕ್ಟಿಗೆ ಇಳಿದು ಇಪ್ಪತ್ತೆರಡು ವರ್ಷ. ಈ ಪಿಕಪ್ ಕೊಂಡು ಎಂಟು ತಿಂಗಳು, ಸೆಕೆಂಡ್ ಹ್ಯಾಂಡ್. ಟೆಂಪೋದವರಿಗೆ ಕಾಯುವುದು ತಪ್ಪಿತು ಅಂತ ಕುಣಿದಿದ್ದೆ.

ಸರಸ ಕಾಫಿ ತಂದಿಟ್ಟಳು. ಮಾತಿಲ್ಲ. ಜಗಳವೂ ಇಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೆ. ಇಪ್ಪತ್ತು ದಿನದಿಂದ ಹೀಗೇ.

5-3

ಬರೆದುಬಿಡುತ್ತೇನೆ. ಇಲ್ಲಿ ಯಾರು ನೋಡಬೇಕು.

ಫೆಬ್ರವರಿ 12, ಮಲ್ಲಿಪಟ್ಟಣದ ಚಂದ್ರಶೇಖರಯ್ಯನವರ ಮಗನ ಮದುವೆ. ಚಿರೋಟಿ ಸರಸಳದು. ನನ್ನ ಹುಳಿ, ಪಲ್ಯ ನಂಬಿ ಯಾರೂ ಆರ್ಡರ್ ಕೊಡುವುದಿಲ್ಲ. ಅವಳ ಚಿರೋಟಿ ನಂಬಿ ಕೊಡುತ್ತಾರೆ. ಹಿಂದಿನ ದಿನ ಮನೆಯಲ್ಲೇ ಕರಿದು, ಬಿದಿರು ಬುಟ್ಟಿಗೆ ಜೋಡಿಸಿ, ಮೇಲೆ ಪೇಪರ್ ಹೊದಿಸಿ ಕೊಟ್ಟಿದ್ದಳು. ಡಬ್ಬಕ್ಕೆ ತುಂಬಿದರೆ ಪದರ ಪುಡಿಯಾಗುತ್ತೆ, ಪ್ಲಾಸ್ಟಿಕ್ ಸುತ್ತಿದರೆ ಬೆವೆತು ಮೆತ್ತಗಾಗುತ್ತೆ. ಬುಟ್ಟಿಯೇ ಆಗಬೇಕು.

ದಾರಿಯಲ್ಲಿ ಧೂಳು ನುಗ್ಗಿತ್ತು. ಪಂಕ್ತಿಯಲ್ಲಿ ಕರಕರ ಸದ್ದು. ಒಬ್ಬರು ನಕ್ಕರು, ಒಬ್ಬರು ಎಲೆಯ ತುದಿಗೆ ತಳ್ಳಿದರು. ಚಂದ್ರಶೇಖರಯ್ಯ ಕರೆದು, "ಏನ್ ಭಟ್ರೇ, ಮಣ್ಣು ಕಚ್ತಾ ಅದಲ್ಲ?" ಅಂದರು. ಅಷ್ಟು ಜನರ ಮುಂದೆ ನನ್ನ ಬಾಯಿಂದ ಬಂದದ್ದು — "ಮನೇಲಿ ರವೆ ಸರಿಯಾಗಿ ಜರಡಿ ಹಿಡಿದಿಲ್ಲ ಅಂತ ಕಾಣುತ್ತೆ. ಹೆಂಗಸರ ಕೆಲಸ ನೋಡಿ."

ಧೂಳು ಅಂತ ನನಗೆ ಗೊತ್ತಿತ್ತು. ಪೇಪರ್ ತೆಗೆದಾಗಲೇ ಕಂಡಿದ್ದೆ. ಊದಿ ಊದಿ ಬಡಿಸಿದ್ದೆ.

ಬಡಿಸುವವರಲ್ಲಿ ಯಾರೋ ನನಗಿಂತ ಮೊದಲೇ ಊರಿಗೆ ಬಂದು ಸರಸಳಿಗೆ ಹೇಳಿದ್ದರು. ನಾನು ಚಪ್ಪಲಿ ಬಿಡುತ್ತಿದ್ದಂತೆ ಅಂದಳು: "ಜರಡಿ ಹಿಡಿಯಕ್ಕೆ ಬರದೋಳು ಚಿರೋಟಿ ಯಾಕೆ ಮಾಡಬೇಕು?" ಮಣೆ, ಲಟ್ಟಣಿಗೆ ಅಟ್ಟ ಸೇರಿದವು.

ನಾಚಿಕೆಯಾಗುತ್ತೆ. ಆದರೆ ಎದುರು ನಿಂತು ಹೇಳಲು ಬಾಯಿ ಬರುವುದಿಲ್ಲ. ಗಾಡಿ ಸರಿಮಾಡಿದರೆ ತಾನಾಗೇ ಸರಿಹೋಗುತ್ತಾಳೆ... ನೋಡೋಣ.

13-3

ಉಪಾಯ ಹೊಳೆಯಿತು. ಪಲಾವ್ ಹಂಡೆಯ ಮುಚ್ಚಳಕ್ಕೆ ಕಣಕ ಮೆತ್ತಿದರೆ ಒಂದು ಎಳೆ ಹಬೆ ಆಚೆ ಬರುತ್ತಾ? ಎರಡು ಸೇರು ಮೈದಾ ಗಟ್ಟಿಯಾಗಿ ಕಲಸಿದೆ. ಹಿಂಬಾಗಿಲ ಸಂದಿಗೆಲ್ಲ ಮೆತ್ತಿ ಬೆರಳಲ್ಲಿ ಒತ್ತಿದೆ. ಚೊಕ್ಕವಾಗಿ ಕೂತಿತು. ಸರಸ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ನಕ್ಕಳೋ ಏನೋ.

14-3

ಹರದನಹಳ್ಳಿಯಲ್ಲಿ ಗೃಹಪ್ರವೇಶ. ಗಾಡಿ ನಿಲ್ಲಿಸಿ, ಒಲೆಗೆ ಜಾಗ ನೋಡಲು ಒಳಗೆ ಹೋದೆ. ಬಂದು ನೋಡಿದರೆ ಹಸು ಒಂದು ಹಿಂಬಾಗಿಲ ಕಣಕವನ್ನೆಲ್ಲ ನೆಕ್ಕಿ ಮುಗಿಸುತ್ತಿದೆ. ಓಡಿಸಲು ಕೈ ಎತ್ತಿದೆ. ಮನೆ ಯಜಮಾನ ಶಿವಯ್ಯ ಅಡ್ಡ ಬಂದರು.

"ಒಡೀಬ್ಯಾಡಿ ಸ್ವಾಮಿ. ಒಳೀಕೆ ಕರ್ಕೊಂಡೋಗಕ್ಕೆ ಬೆಳಗಿಂದ ಹಸ ಉಡುಕ್ತಾ ಇವ್ನಿ. ನಿಮ್ಮ ಗಾಡಿ ತಾವೇ ಬಂದದೆ."

ಅರಿಶಿನ ಕುಂಕುಮ ಹಚ್ಚಿ ಮನೆಯೊಳಗೆ ಕರೆದುಕೊಂಡು ಹೋದರು. ನನಗೂ ಒಂದು ನಮಸ್ಕಾರ ಬಿತ್ತು. ಚಕ್ಕುಲಿ ಬುಟ್ಟಿಯ ಮೇಲೆ ಮಾತ್ರ ಎಂದಿನಂತೆ ಧೂಳು.

2-4

ಚಂದ್ರಶೇಖರಯ್ಯನವರ ಫೋನ್. ಬೈಯಲು ಮಾಡಿದ್ದಾರೆ ಅಂತ ಅರ್ಧ ಎದ್ದು ನಿಂತೆ. ಮಗಳು ರಂಜಿತಾಳ ಮದುವೆಯಂತೆ, ಮೇ 16, ಚನ್ನರಾಯಪಟ್ಟಣದ ಛತ್ರದಲ್ಲಿ. ಅಡುಗೆ ನಮ್ಮದೇ. "ಚಿರೋಟಿ ಮಾತ್ರ ಬೇಕೇ ಬೇಕು ಭಟ್ರೇ. ಅಮ್ಮಾವ್ರೇ ಮಾಡ್ಬೇಕು."

ಆ ಮನುಷ್ಯ ಯಾಕೆ ಮತ್ತೆ ನಮ್ಮನ್ನೇ ಕರೆದರು, ಅರ್ಥವಾಗಲಿಲ್ಲ. ಸರಸಳಿಗೆ ಹೇಳಿದೆ. "ಬೇಕರಿಯಿಂದ ತಂದ್ಕೊಳ್ಳಿ," ಅಂದಳು.

6-4, ಹಾಸನ

ಪುಟ್ಟರಾಜುವಿನ ಶೆಡ್. ಲಾರಿ ಬಾಡಿ ಕಟ್ಟುವವನು. ನನ್ನನ್ನು ಟಾಪಿನೊಳಗೆ ಕೂರಿಸಿ ಬಾಗಿಲು ಹಾಕಿದ. "ಬೆಳಕು ಎಲ್ಲೆಲ್ ಬತ್ತದೆ ನೋಡಿ, ಅಲ್ಲೆಲ್ಲ ಸೀಮೆಸುಣ್ಣದಾಗೆ ಗುರ್ತ್ ಆಕಿ ಸಾ." ಮಧ್ಯಾಹ್ನದ ಬಿಸಿಲು. ಇಪ್ಪತ್ತೊಂದು ಗುರುತು ಹಾಕಿದೆ. ಬೆವರಿಗೆ ಜನಿವಾರವೂ ಒದ್ದೆ.

ಮೊಳೆ ತೂತಿಗೆಲ್ಲ ಎಂ-ಸೀಲ್. ಹಿಂಬಾಗಿಲಿಗೆ ಸುತ್ತ ರಬ್ಬರ್ ಬೀಡಿಂಗ್. ಟಾಪಿನ ಮುಂದುಗಡೆ, ಡ್ರೈವರ್ ತಲೆಗಿಂತ ಮೇಲೆ, ಗಾಳಿಗೆಂದು ಒಂದು ಕಿಂಡಿ ಇತ್ತು. ಮೊದಲು ಅದನ್ನೇ ಮುಚ್ಚಿಸಿದೆ. ಆಮೇಲೆ ಪೈಪಿನಲ್ಲಿ ನೀರು ಬಿಟ್ಟ. ಒಳಗೆ ಒಂದು ಹನಿ ಇಲ್ಲ. "ಇನ್ನ ಮಳೆ ಅಲ್ಲ, ಒಳೆ ಬಂದ್ರೂ ಏನಾಗಕಿಲ್ಲ ಕಣ್ ಸಾ."

19-4

ಮಳೆಯೂ ಬಂತು, ಒಂದು ಹನಿ ಒಳಗೆ ಬರಲಿಲ್ಲ. ಧೂಳು ಬಂತು. ಮೊದಲಿಗಿಂತ ಕಡಿಮೆ, ಆದರೆ ಹಿಟ್ಟಿನಷ್ಟು ನಯವಾದದ್ದು. ಕದದ ಕೊಂಡಿಯ ಹತ್ತಿರ ಒಂದು ಕೂದಲೆಳೆ ಸಂದಿ, ಅಷ್ಟೇ ಇರುವುದು. ಅಲ್ಲಿಂದಲೇ ಅಷ್ಟೂ ನುಗ್ಗುತ್ತಿದೆ. ಗಾಡಿಗೆ ಒದ್ದೆ. ಕಾಲು ನೋವು.

4-5

ಇವತ್ತಿನದು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಬೀಡಿಂಗ್ ಮೇಲೆ ಇನ್ನೊಂದು ಬೀಡಿಂಗ್ ಅಂಟಿಸುತ್ತಿದ್ದೆ. ಸರಸ ಬಂದು ನಿಂತಳು. ಸೆರಗು ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ದೇವರ ಮನೆಯ ಊದುಬತ್ತಿ ಕಟ್ಟು, ಬೆಂಕಿಪೊಟ್ಟಣ.

"ನಾನು ಹಿಂದೆ ಕೂತ್ಕೋತೀನಿ. ಮಣ್ಣು ರಸ್ತೇಲಿ ಹೊಡೀರಿ."

"ಪೂಜೆ ಮಾಡ್ತೀಯಾ ಅದಕ್ಕೆ?"

"ಹೊಗೆ ಯಾವ ಕಡೆ ಹೋಗತ್ತೆ ನೋಡ್ತೀನಿ. ಆಚೆ ನಿಂತು ಎಷ್ಟು ದಿನ ಅಂತ ಮೆತ್ತುತೀರಿ?"

ಹರದನಹಳ್ಳಿ ಕಡೆ ಹೊರಟೆ. ಎರಡು ಮೈಲಿ ಆಗಿರಬಹುದು, ತಗಡು ಬಡಿದಳು. ಬಾಗಿಲು ತೆಗೆದರೆ ತಲೆ, ಹುಬ್ಬು ಎಲ್ಲ ಕೆಂಪು. ಕೆಮ್ಮುತ್ತಲೇ ಹೇಳಿದಳು:

"ಕೊಂಡಿ ಹತ್ರ ಹಿಡಿದ್ರೆ ಹೊಗೆ ಒಳಕ್ಕೇ ಬರ್ತಿದೆ ರೀ. ಗಾಡಿ ಹಿಂದೆ ಧೂಳು ಸುತ್ಕೊಂಡು ಬರತ್ತೆ, ಸಣ್ಣ ಸಂದಿ ಸಿಕ್ಕಿದ್ರೂ ಎಳ್ಕೊಳತ್ತೆ. ಮುಂದಿನ ಕಿಂಡಿ ಯಾಕೆ ಮುಚ್ಚಿಸಿದ್ರಿ? ಅಲ್ಲಿಂದ ಗಾಳಿ ಬಿಡಿ. ಒಳಗೆ ತುಂಬಿದ ಗಾಳಿ ಹಿಂದಿನ ಧೂಳನ್ನ ಆಚೆಗೇ ತಳ್ಳತ್ತೆ. ಒಲೆ ಊದಿದ ಹಾಗೆ."

ಧೂಳು ತಡೆಯಲು ಬಾಗಿಲು ತೆಗೆಯುವುದೇ, ಅಂದೆ. ಅವಳು ಸ್ಪ್ಯಾನರ್ ಎತ್ತಿ ನನ್ನ ಕೈಗಿಟ್ಟಳು. ಅದರಲ್ಲೇ ಬಡಿದು ಕಿಂಡಿಯ ಸೀಲ್ ಕೆರೆದು ತೆಗೆದೆ. ನನ್ನ ಹೆಗಲ ವಸ್ತ್ರ ನಾಲ್ಕು ಮಡಿಕೆ ಮಾಡಿ, ಕಾಲುವೆಯಲ್ಲಿ ಅದ್ದಿ ಹಿಂಡಿ, ಕಿಂಡಿಗೆ ಅವಳೇ ಕಟ್ಟಿದಳು. ಒಳಗೆ ಬಿಳಿ ಪಂಚೆ ಹಾಸಿದಳು. ಮತ್ತೆ ಕೂತಳು.

ಅದೇ ರಸ್ತೆ, ವಾಪಸ್. ಮನೆ ಮುಂದೆ ಬಾಗಿಲು ತೆಗೆದೆ. ಊದುಬತ್ತಿ ಹೊಗೆ ಸಂದಿಯಿಂದ ಆಚೆ ಹೋಗಿತ್ತಂತೆ, ದಾರಿಯುದ್ದಕ್ಕೂ. ಪಂಚೆ ಬೆಳ್ಳಗೆ ಇತ್ತು.

ಎಷ್ಟು ಸಂತೋಷವಾಯಿತೆಂದರೆ ಬೀದಿಯಲ್ಲೇ ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಂಡಳು.

"ಗಾಡಿ ಸರಿಹೋಯ್ತು. ನನ್ನ ಮೇಲೆ ಹಾಕಿದ ಮಣ್ಣು?"

ಬಗ್ಗಿ ಪಂಚೆ ಮಡಿಸತೊಡಗಿದೆ. 

"ಚಿರೋಟಿ ಮಾಡಿ ಕೊಡ್ತೀನಿ," ಅಂದಳು. "ಬಡಿಸೋ ಹೊತ್ತಿಗೆ ನಾನೂ ಅಲ್ಲಿರ್ತೀನಿ."

16-5, ಚನ್ನರಾಯಪಟ್ಟಣ, ಸಂಜೆ 4

ಮೊದಲ ಪಂಕ್ತಿ. ಚಂದ್ರಶೇಖರಯ್ಯ ಬೀಗರ ಪಕ್ಕದಲ್ಲೇ ಕೂತಿದ್ದರು. ಚಿರೋಟಿ, ಸಕ್ಕರೆ ಪುಡಿ, ಬಾದಾಮಿ ಹಾಲು. ಎಲ್ಲರ ಎಲೆಯಲ್ಲೂ ಪದರ ಮುರಿಯುವ ಸದ್ದು, ಬೇರೆ ಸದ್ದಿಲ್ಲ. ಉಗ್ರಾಣದ ಬಾಗಿಲಲ್ಲಿ ಸರಸ, ಖಾಲಿ ಬುಟ್ಟಿ ಹಿಡಿದು.

ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು. ಕೈಯ ತಟ್ಟೆ ಕೆಳಗಿಟ್ಟೆ. ದನಿ ಸ್ವಲ್ಪ ಜೋರಾಗೇ ಬಂತು.

"ಯಜಮಾನ್ರೇ, ಮಲ್ಲಿಪಟ್ಟಣದಲ್ಲಿ ಇವಳ ಜರಡೀದು ತಪ್ಪಿಲ್ಲ. ಧೂಳು ನನ್ನ ಗಾಡೀದು. ಗೊತ್ತಿದ್ದೂ ಬಡಿಸಿದೆ. ಗೊತ್ತಿದ್ದೂ ಇವಳ ಮೇಲೆ ಹಾಕಿದೆ."

ಪಂಕ್ತಿ ತಲೆ ಎತ್ತಿತು. ಚಂದ್ರಶೇಖರಯ್ಯ ಚಿರೋಟಿ ಮುರಿಯುತ್ತಲೇ ಇದ್ದರು.

"ನಂಗೆ ಅವತ್ತೇ ಗೊತ್ತಾಗಿತ್ತು ಕಣ್ ಭಟ್ರೇ. ರವೇಲಿ ಮಣ್ಣಿದ್ರೆ ಪದರ ಪದರಕ್ಕೂ ಸಿಕ್ಬೇಕು. ಅದು ಮ್ಯಾಲಿತ್ತು. ಒಳಗೆಲ್ಲ ಚೆಂದಾಗಿತ್ತು, ಮ್ಯಾಲಿನ್ ಪದರ ಎತ್ತಾಕಿ ಎರಡು ತಿಂದೆ ನಾನು." ಬಾಯಿ ಒರೆಸಿಕೊಂಡರು. "ಎಂಡ್ತಿ ಮ್ಯಾಲೆ ಆಕ್ಬುಟ್ರಲ್ಲ, ಅದುನ್ನ ಯಾವತ್ತು ಎತ್ಕತೀರಿ ಅಂತ ನೋಡ್ತಿದ್ದೆ. ಇನ್ನೊಂದು ಆಕಿ ಇತ್ತಗೆ."

ಅವರಿಗೆ ಬಡಿಸಿದ್ದು ಸರಸ. ಕಣ್ಣು ಒದ್ದೆಯಾಗಿತ್ತು. ನನ್ನದೂ.

17-5

ವಾಪಸ್ ಬರುವಾಗ ಮುಂದಿನ ಸೀಟಿನಲ್ಲೇ ಕೂತಳು. ದಾರಿ ಪೂರ್ತಿ ಒಂದೇ ಮಾತು: "ಸಕ್ಕರೆ ಪುಡಿ ಸ್ವಲ್ಪ ಜಾಸ್ತಿ ಉದುರಿಸಿದ್ರಿ."

ಮೂರು ತಿಂಗಳ ಮೇಲೆ ಗಾಡಿ, ಮಣ್ಣು ಬಿಟ್ಟು ಅವಳಾಗಿ ಆಡಿದ ಮಾತು. ಹೌದು, ಜಾಸ್ತಿಯಾಗಿತ್ತು, ಅಂದೆ.

25-5

ಹಿರೀಸಾವೆಯಿಂದ ಆರ್ಡರ್, ಮುನ್ನೂರು ಚಿರೋಟಿ. ಮಣೆ, ಲಟ್ಟಣಿಗೆ ಅಟ್ಟಕ್ಕೆ ಹೋಗುವುದೇ ಇಲ್ಲ ಈಗ. ಜರಡಿ ಮಾತ್ರ ನನ್ನ ಕೈಗೆ ಬಂದಿದೆ. "ಇನ್ಮೇಲೆ ಇದು ನಿಮ್ದು. ಮಣ್ಣು ಸಿಕ್ಕಿದ್ರೆ ಯಾರ ಹೆಸರು ಹೇಳ್ತೀರೋ ನೋಡ್ತೀನಿ."

ಮೂರು ಸಲ ಹಿಡಿದೆ. ಕೈ ಸೋತು ಬಂದು ಇಲ್ಲಿ ಕೂತು ನಾಲ್ಕು ಸಾಲು ಬರೆಯೋಣ ಅಂದರೆ, ರವೆಯನ್ನು ಬಿಸಿಲಿಗೆ ಹಿಡಿದು ನೋಡಿ, "ರೀ, ಇನ್ನೊಂದ್ಸಲ" ಅಂತ ಕೂಗು—